ಸೆಕೆಂಡಿಗೊಂದು ಬರೆ

ಪಿಂಗಾಣಿ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಭಟ್ಟಿಯಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಈ ಹೆಸರು ಅತ್ತೆಯ ಕಿವಿಗೆ ಬಿದ್ದು ಮನೆಯಲ್ಲಿ ದೊಡ್ಡ ರಾದ್ಧಾಂತವಾಗಿತ್ತಂತೆ. ಸೊಸೆ ಎಲ್ಲೋ ಕದ್ದುಮುಚ್ಚಿ ಸಾರಾಯಿ ಭಟ್ಟಿ ಇಳಿಸುವವಳಿರಬೇಕೆಂದು ತಿಳಿದು ಆ ಹೆಂಗಸು ಮೂರು ದಿನ ಮಗನೊಡನೆ ಮಾತು ಬಿಟ್ಟಿದ್ದರು. ನಾಲ್ಕನೆಯ ದಿನ ಮಗ ತಾಯಿಯನ್ನು ಕಾರ್ಖಾನೆಗೇ ಕರೆದುಕೊಂಡು ಹೋಗಿ, ಎಂಬತ್ತು ಹೆಜ್ಜೆ ಉದ್ದದ ಇಟ್ಟಿಗೆಯ ಸುರಂಗವನ್ನು ತೋರಿಸಿದ. ಹಸಿ ಬಟ್ಟಲುಗಳನ್ನು ಹೊತ್ತ ಗಾಡಿಗಳು ಹಳಿಯ ಮೇಲೆ ಅದರ ಒಂದು ಬಾಯಿಂದ ಒಳಗೆ ಹೋಗಿ, ಒಂದೂವರೆ ದಿನ ಬೆಂದು, ಇನ್ನೊಂದು ಬಾಯಿಂದ ಬೆಳ್ಳಗೆ ಹೊಳೆಯುತ್ತಾ ಹೊರಗೆ ಬರುತ್ತಿದ್ದವು. ಅತ್ತೆ ಎಲ್ಲವನ್ನೂ ನೋಡಿ, "ಇಷ್ಟು ದೊಡ್ಡ ಒಲೆ ನೋಡ್ಕೊಳ್ಳೋಳಿಗೆ ಮನೇಲಿ ಹಾಲು ಉಕ್ಕೋದು ಮಾತ್ರ ಕಾಣಲ್ಲ" ಎಂದರಂತೆ. ಅವರಿಬ್ಬರ ನಡುವಿನ ರಾಜಿ ಅಂದೇ ಆಯಿತು.

ಆ ಅತ್ತೆ ನಮ್ಮ ನೆರೆಮನೆಯವರು. ಸೊಸೆ ನನ್ನ ಕೈಕೆಳಗೆ ನಾಲ್ಕು ವರ್ಷ ಕನ್ನಡ ಕಲಿತವಳು. ವ್ಯಾಕರಣದಲ್ಲಿ ಅಂಥ ಚುರುಕೇನೂ ಇರಲಿಲ್ಲ. ಸಂಧಿ ಬಿಡಿಸು ಎಂದರೆ ಅವಳ ಕೈಯಲ್ಲಿ ಪದವೇ ಮುರಿದುಹೋಗುತ್ತಿತ್ತು. ಆದರೆ ಅಚ್ಚಾದ ಅಕ್ಷರ ಎಲ್ಲಿ ಕಂಡರೂ ಓದದೆ ಬಿಡುತ್ತಿರಲಿಲ್ಲ. ಸಕ್ಕರೆ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ, ನೀವಿ, ಅರ್ಧಕ್ಕೇ ಹರಿದುಹೋದ ಸುದ್ದಿಯನ್ನು ಓದಿ, ಉಳಿದರ್ಧ ಏನಾಯಿತು ಸಾರ್ ಎಂದು ನನ್ನನ್ನೇ ಕೇಳುತ್ತಿದ್ದಳು.

ಅವಳು ಉಪಕರಣಗಳ ತರಬೇತಿ ಪಡೆದು ಕಾರ್ಖಾನೆಗೆ ಸೇರಿದಾಗ ಅಲ್ಲೊಬ್ಬ ಮುದುಕ ಮೇಸ್ತ್ರಿಯಿದ್ದ. ಭಟ್ಟಿಯ ಪಕ್ಕದ ಕಿಂಡಿಯಿಂದ ಉರಿಯ ಬಣ್ಣ ನೋಡಿ ಕಾವು ಎಷ್ಟೆಂದು ಹೇಳುವುದನ್ನು ಅವಳಿಗೆ ಅವನೇ ಕಲಿಸಿದ. ಸುರಂಗಕ್ಕೆ ಹನ್ನೆರಡು ಭಾಗ. ಕೆಲಸದವರ ಬಾಯಲ್ಲಿ ಅವು ಹನ್ನೆರಡು ಮನೆ. ಮನೆಗೊಂದು ಅಂಗೈಯಗಲದ ಕಂಟ್ರೋಲರ್. ಅದಕ್ಕೆ ಅವರಿಟ್ಟ ಹೆಸರು ಡಬ್ಬಿ. ಡಬ್ಬಿಯ ಮುಖದ ಮೇಲೆ ಎರಡು ಅಂಕಿಗಳು: ಕೆಂಪಿನದು ಈಗಿರುವ ಕಾವು, ಹಸಿರಿನದು ಇರಬೇಕಾದ ಕಾವು. ಹಸಿರು ಅಂಕಿಯನ್ನು ಏರಿಸಿ ಇಳಿಸಿ, ಕೆಂಪು ಅಂಕಿ ಅದರ ಹಿಂದೆ ಹೋಗುವಂತೆ ನೋಡಿಕೊಳ್ಳುವುದು ಭಟ್ಟಿಯಕ್ಕನ ಕೆಲಸ. ಮೋಡ ಕವಿದ ದಿನ ಎರಡು ಡಿಗ್ರಿ, ಮಣ್ಣು ಹಸಿಯಾಗಿದ್ದರೆ ನಾಲ್ಕು ಡಿಗ್ರಿ. ಇಪ್ಪತ್ತೆರಡು ವರ್ಷ ಅವಳು ಇದನ್ನು ಮಾಡಿದಳು. ಆ ಹನ್ನೆರಡು ಡಬ್ಬಿಗಳಿಗೆ ಹದಿನೈದು ವರ್ಷವಾಗಿತ್ತು, ಒಂದೂ ಕೆಟ್ಟಿರಲಿಲ್ಲ.

ಇನ್ನು ಮ್ಯಾನೇಜರ್ ವಿಷಯ. ಒಬ್ಬರ ಬಗ್ಗೆ ಕೆಟ್ಟದ್ದು ಬರೆಯುವುದು ನನ್ನ ಸ್ವಭಾವವಲ್ಲ. ಆದರೆ ಅವರ ಬಗ್ಗೆ ಬರೆಯಲು ಬೇರೇನೂ ಸಿಗದು. ಚಳಿಗಾಲದಲ್ಲಿ ಕೈ ಕಾಯಿಸಿಕೊಳ್ಳುವುದಕ್ಕಲ್ಲದೆ ಅವರು ಭಟ್ಟಿಯ ಹತ್ತಿರ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟಿ ಎನ್ನುವ ಜಾತಿ. ಹೇಳುವವನ ಅಂಗಿ ಇಸ್ತ್ರಿಯಾಗಿದ್ದರೆ ಆಯಿತು, ಎತ್ತು ಅವಳಿಗಳನ್ನೇ ಈದರೂ ನಂಬಿಬಿಡುವರು.

ಹಾಗೆ ಇಸ್ತ್ರಿಯಾದ ಅಂಗಿಯೊಂದು ಒಂದು ದಿನ ಬಂತು. ಆತ ಸಲಹೆಗಾರ. ಪ್ರತಿ ವಾಕ್ಯಕ್ಕೂ 'ರಿಯಲ್ ಟೈಮ್' ಎಂಬ ಮಾತನ್ನು ಉಪ್ಪಿನಕಾಯಿಯಂತೆ ನಂಚಿಕೊಳ್ಳುತ್ತಿದ್ದುದರಿಂದ ಕೆಲಸದವರು ಆತನಿಗೆ ರಿಯಲ್‌ಟೈಮಪ್ಪ ಎಂದು ಹೆಸರಿಟ್ಟರು. ಅವನು ಸಲ್ಲಿಸಿದ ನಲವತ್ತು ಪುಟದ ಯೋಜನೆಯ ಹನ್ನೊಂದನೆಯ ಪುಟದಲ್ಲಿ 'ನಿಮ್ಮ ಹಾಲಿನ ಘಟಕದಲ್ಲಿ' ಎಂದಿತ್ತು. ಭಟ್ಟಿಯ ಸುದ್ದಿಯೇ ತಿಳಿಯದವನು ಭಟ್ಟಿ ಇಳಿಸುವುದರಲ್ಲಿ ಮಾತ್ರ ನಿಪುಣನಾಗಿದ್ದ. ಮ್ಯಾನೇಜರ್ ಓದದೆಯೇ ಒಪ್ಪಿಗೆ ಕೊಟ್ಟರು.

ಯೋಜನೆ ಇಷ್ಟು. ಮಹಡಿಯ ಮೇಲೆ ಒಂದು ಕಂಪ್ಯೂಟರ್. ಅದರಲ್ಲಿ ಮಾಹಿತಿ ಸಂಗ್ರಹಿಸುವ ಒಂದು ಸಾಫ್ಟ್‌ವೇರ್. ಅದು ಕೇಬಲ್ಲಿನ ಮೂಲಕ ಹನ್ನೆರಡು ಡಬ್ಬಿಗಳ ಕಾವನ್ನು ಓದಿ ಕೂಡಿಡುತ್ತದೆ. ಇಷ್ಟರಲ್ಲಿ ತಪ್ಪೇನಿಲ್ಲ, ಓದುವುದು ಒಳ್ಳೆಯದೇ. ಆದರೆ ರಿಯಲ್‌ಟೈಮಪ್ಪ ಅದಕ್ಕೆ ಬರೆಯುವುದನ್ನೂ ಹೇಳಿಕೊಟ್ಟಿದ್ದ. ಇರಬೇಕಾದ ಕಾವು ಎಷ್ಟೆಂಬ ಹಸಿರು ಅಂಕಿಯನ್ನು ಕಂಪ್ಯೂಟರೇ ಡಬ್ಬಿಯೊಳಗೆ ಬರೆಯುತ್ತಿತ್ತು. ಬದಲಾಯಿಸಿದಾಗ ಮಾತ್ರವಲ್ಲ, ಬದಲಾಗಲಿ ಬಿಡಲಿ, ಸೆಕೆಂಡಿಗೊಂದು ಸಲ, ಹಗಲೂ ರಾತ್ರಿ, ಬರೆದದ್ದನ್ನೇ ಬರೆಯುತ್ತಿತ್ತು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಏಕೆ ಹೀಗೆ ಎಂದು ಭಟ್ಟಿಯಕ್ಕ ಮುಂದೊಮ್ಮೆ ಕೇಳಿದ್ದಕ್ಕೆ, ರಿಯಲ್‌ಟೈಮಪ್ಪ ಭದ್ರತೆಗಾಗಿ ಎಂದನಂತೆ.

ಒಂದನೆಯ ತಾರೀಕು ಸೋಮವಾರ, ಬೆಳಿಗ್ಗೆ ಹತ್ತಕ್ಕೆ ಇದು ಶುರುವಾಯಿತು. ಅಂದು ಮಣ್ಣು ಹಸಿಯಾಗಿತ್ತು. ಅವಳು ಏಳನೆಯ ಮನೆಯ ಡಬ್ಬಿಯಲ್ಲಿ ಹಸಿರು ಅಂಕಿಯನ್ನು ನಾಲ್ಕು ಡಿಗ್ರಿ ಏರಿಸಿದಳು. ಬೆರಳು ತೆಗೆಯುವುದರೊಳಗೆ ಅಂಕಿ ಹಿಂದಿನ ಜಾಗಕ್ಕೇ ಇಳಿಯಿತು. ಮತ್ತೆ ಏರಿಸಿದಳು, ಮತ್ತೆ ಇಳಿಯಿತು. ಎರಡು ದಿನ ಡಬ್ಬಿ ಕೆಟ್ಟಿದೆಯೆಂದೇ ತಿಳಿದು ಒತ್ತಿ ಒತ್ತಿ ನೋಡಿದಳು. ಆಮೇಲೆ ರಿಯಲ್‌ಟೈಮಪ್ಪ ನಗುತ್ತಾ, ಇನ್ನು ಮೇಲೆ ಕೆಳಗಿನಿಂದ ಏನೂ ನಡೆಯದು, ಬದಲಾಯಿಸಬೇಕಾದರೆ ಮೇಲೆ ಬನ್ನಿ ಮೇಡಂ ಎಂದ. ಮೂವತ್ತೆರಡು ಮೆಟ್ಟಿಲು. ಅವಳು ದಿನಕ್ಕೆ ಎಂಟು ಹತ್ತು ಸಲ ಹತ್ತಿ ಇಳಿದಳು.

ಹದಿಮೂರರ ಬೆಳಿಗ್ಗೆ ಏಳನೆಯ ಮನೆಯ ಡಬ್ಬಿ ತನ್ನ ಅಂಕಿಗಳನ್ನು ಮರೆತು ಮುಖದ ಮೇಲೆ ನಾಲ್ಕು ಅಡ್ಡಗೆರೆ ತೋರಿಸಿತು. ಅದು ಸತ್ತರೆ ಆ ಮನೆಯ ಉರಿ ತಾನಾಗಿ ಆರುವ ವ್ಯವಸ್ಥೆಯಿದೆ. ಆರಿತು, ಒಳಗಿದ್ದ ಎರಡು ಗಾಡಿ ಬಟ್ಟಲುಗಳು ಅರೆಬೆಂದು ಸುಣ್ಣದಂತೆ ಹೊರಬಂದವು. ಹದಿನಾಲ್ಕಕ್ಕೆ ಮೂರನೆಯ ಮನೆ, ಹದಿನೈದಕ್ಕೆ ಹತ್ತನೆಯ ಮನೆ.

ಹದಿನೈದು ವರ್ಷ ಕೆಡದವು ಎರಡು ವಾರದಲ್ಲಿ ಹೇಗೆ ಕೆಟ್ಟವೆಂದು ಯಾರಾದರೂ ಯೋಚಿಸಬೇಕಾಗಿತ್ತು. ಮ್ಯಾನೇಜರ್ ಕೂಡ ಯೋಚಿಸಿದರು, ರಿಯಲ್‌ಟೈಮಪ್ಪನ ತಲೆಯಿಂದ. ಕುಣಿಯಲಾರದವನಿಗೆ ನೆಲ ಡೊಂಕಾಗಿ ಕಾಣುವುದು ಸಹಜ. ಇವನಿಗೆ ಭಟ್ಟಿಯಕ್ಕನ ಬೆರಳು ಡೊಂಕಾಗಿ ಕಂಡಿತು. ಹೊಸ ಪದ್ಧತಿಯ ಮೇಲಿನ ಸಿಟ್ಟಿಗೆ ಆಕೆ ಗುಂಡಿಗಳನ್ನು ಒತ್ತಿ ಒತ್ತಿ ಹಾಳುಮಾಡಿದಳು, ಒತ್ತಿದ್ದಕ್ಕೆ ತಾನೇ ಸಾಕ್ಷಿ ಎಂದ. ಅಂದೇ ಸಂಜೆಯೊಳಗೆ ಅವಳ ಕೈಗೆ ಎರಡು ಕಾಗದ ಬಂದವು. ಒಂದು, ಭಟ್ಟಿಯಿಂದ ಪ್ಯಾಕಿಂಗ್ ವಿಭಾಗಕ್ಕೆ ವರ್ಗಾಯಿಸಿದ ಆದೇಶ. ಇನ್ನೊಂದು ಅವಳು ಸಹಿ ಹಾಕಬೇಕಾದ ತಪ್ಪೊಪ್ಪಿಗೆ. ಮೂವತ್ತನೆಯ ತಾರೀಕಿನೊಳಗೆ ಸಹಿ ಹಾಕಿದರೆ ಕೆಲಸದಲ್ಲಿ ಮುಂದುವರಿಯಬಹುದು, ಆದರೆ ಕೊನೆಯವರೆಗೂ ಪ್ಯಾಕಿಂಗಿನಲ್ಲಿ. ಹಾಕದಿದ್ದರೆ ಗೇಟಿನ ಹೊರಗೆ. 'ಅಜಾಗರೂಕತೆ' ಎನ್ನುವಲ್ಲಿ 'ಅಜಾಗೃಕತೆ' ಎಂದು ಬರೆದಿದ್ದರು. ಇನ್ನೊಬ್ಬರು ಎಚ್ಚರ ತಪ್ಪಿದರೆಂದು ದೂರುವ ಪದದಲ್ಲೇ ಎಚ್ಚರ ತಪ್ಪಿದ ಪುಣ್ಯಾತ್ಮರು!

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ಸಾಧು. ಸಹಿ ಹಾಕಿಬಿಡು, ಎಲ್ಲಿದ್ದರೂ ಕೆಲಸ ಕೆಲಸವೇ ಎಂದ. ಭಟ್ಟಿಯನ್ನು ಬಿಟ್ಟು ಬದುಕುವುದು ಅವಳಿಗೆ ಸಾಧ್ಯವಿತ್ತು. ಭಟ್ಟಿಯನ್ನು ಕೆಡಿಸಿದವಳೆನಿಸಿಕೊಂಡು ಬದುಕುವುದು ಸಾಧ್ಯವಿರಲಿಲ್ಲ.

ಹದಿನಾರರ ಬೆಳಿಗ್ಗೆ ಹನ್ನೊಂದಕ್ಕೆ ಏಳನೆಯ ಮನೆಗೆ ಅದೇ ಮಾದರಿಯ ಹೊಸ ಡಬ್ಬಿ ಕೂತಿತು, ಆಮೇಲೆ ಉಳಿದೆರಡು ಮನೆಗಳಿಗೂ. ಕೂರಿಸಿದವನು ಎಲೆಕ್ಟ್ರಿಷಿಯನ್. ಭಟ್ಟಿಯಕ್ಕ ಆಗ ಅಂಗಳದಾಚೆಯ ಶೆಡ್ಡಿನಲ್ಲಿ ಬಟ್ಟಲುಗಳಿಗೆ ಕಾಗದ ಸುತ್ತುತ್ತಿದ್ದಳು. ಅವಳು ಕದ್ದು ಬಂದು ಒತ್ತಿಯಾಳೆಂದು ಡಬ್ಬಿಗಳಿದ್ದ ಪ್ಯಾನೆಲ್ಲಿನ ಗಾಜಿನ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಮ್ಯಾನೇಜರ್ ತಮ್ಮ ಜೇಬಿನಲ್ಲೇ ಇಟ್ಟುಕೊಂಡರು.

ಪ್ಯಾಕಿಂಗಿಗೆ ಕಾರ್ಖಾನೆಯ ರದ್ದಿಯೆಲ್ಲ ಬರುತ್ತದೆ. ಬಟ್ಟಲುಗಳ ನಡುವೆ ತುರುಕಲು. ಹೊಸ ಡಬ್ಬಿಯೊಡನೆ ಬಂದ ಕೈಪಿಡಿಯೂ ಪ್ಲಾಸ್ಟಿಕ್ ಹೊದಿಕೆ ಹರಿಯದೆ ಹಾಗೇ ಆ ರದ್ದಿಯಲ್ಲಿ ಬಂತು. ಹೊದಿಕೆಯನ್ನಾದರೂ ಹರಿಯಬಾರದಿತ್ತೇ? ಅವಳು ಅದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ತಂದಳು.

ಇಪ್ಪತ್ತೊಂದು ಭಾನುವಾರ. ಮಧ್ಯಾಹ್ನ ಅತ್ತೆ ಮೊರದಲ್ಲಿ ಬೇಳೆ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ಪಕ್ಕದಲ್ಲಿ ಸೊಸೆ ಕೈಪಿಡಿಯನ್ನು ಓದುತ್ತಾ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಳು. ಅತ್ತೆಗೆ ಕಿವಿ ಸ್ವಲ್ಪ ಮಂದ. ಕುತೂಹಲ ಮಾತ್ರ ಚೂಪು.

"ಏನೇ ಅದು, ಒಬ್ಬಳೇ ಗೊಣಗ್ತಿದೀಯ?"

"ಏನಿಲ್ಲ ಅತ್ತೆ. ಆ ಕಂಪ್ಯೂಟರು ಸೆಕೆಂಡಿಗೊಂದ್ಸಲ ಡಬ್ಬಿಗೆ ಬರೀತಾನೇ ಇರುತ್ತೆ ಅಂತ."

"ಬರೆ ಹಾಕುತ್ತಾ?"

"ಬರೆ ಅಲ್ಲ ಅತ್ತೆ. ಬರೆಯೋದು."

"ಯಾವುದಾದ್ರೂ ಆಗ್ಲಿ. ನಮ್ಮಮ್ಮ ಸೌಟು ಕಾಯಿಸಿ ನನಗೆ ಹಾಕಿದ್ದು ಒಂದೇ ಒಂದು. ಅರವತ್ತು ವರ್ಷ ಆಯ್ತು, ನೋಡು, ಗುರುತು ಇನ್ನೂ ಇದೆ. ಸೆಕೆಂಡಿಗೊಂದು ಹಾಕಿದ್ರೆ ಯಾವ ಚರ್ಮ ತಡೆಯುತ್ತೆ, ಎಷ್ಟು ದಿನ ತಡೆಯುತ್ತೆ?"

'ಬರೆ' ಎಂಬುದು ನಾಮಪದವಾದರೆ ಸುಟ್ಟ ಗಾಯದ ಗುರುತು, ಧಾತುವಾದರೆ ಅಕ್ಷರ ಮೂಡಿಸುವ ಕ್ರಿಯೆ. ಇಷ್ಟನ್ನು ನಾನು ಮೂವತ್ತು ವರ್ಷ ಹೇಳಿಕೊಟ್ಟಿದ್ದೇನೆ. ಎರಡೂ ಗುರುತು ಉಳಿಸುತ್ತವೆ, ಎರಡಕ್ಕೂ ತಡೆದುಕೊಳ್ಳುವ ಒಂದು ಮೈ ಬೇಕು ಎಂಬುದು ಮಾತ್ರ ನನಗೂ ಹೊಳೆದಿರಲಿಲ್ಲ. ನಮ್ಮ ಶಾಲೆಯ ಕಪ್ಪುಹಲಗೆಯಲ್ಲಿ ಎಲ್ಲಕ್ಕಿಂತ ಮೊದಲು ಸವೆದು ಬಿಳಿಚಿದ್ದು ದಿನಾಂಕ ಬರೆಯುವ ಮೂಲೆ. ದಿನವೂ ಅಳಿಸಿ ದಿನವೂ ಬರೆದರೆ ಹಲಗೆಯಾದರೂ ಏನು ಮಾಡೀತು?

ಸೊಸೆಯ ಬೆರಳು ಪುಟದ ಮೇಲೆ ನಿಂತಿತು. ಓದಿದರೆ ಡಬ್ಬಿಗೆ ಏನೂ ಆಗದು, ಬರೆದರೂ ಹಾಗೆಯೇ ಎಂದು ಅವಳು ಅದುವರೆಗೆ ತಿಳಿದಿದ್ದಳು. ಎಷ್ಟು ದಿನ ತಡೆಯುತ್ತದೆ ಎಂಬ ಪ್ರಶ್ನೆ ಕೇಳಿದ ಮೇಲೆ ಅವಳು ಕೈಪಿಡಿಯನ್ನು ಮೊದಲಿನಿಂದ ತಿರುವಿದಳು. ಉತ್ತರ ಕೊನೆಯ ಪುಟದ ತಳದಲ್ಲಿ, ಸಾಸಿವೆಯಷ್ಟು ಅಕ್ಷರದಲ್ಲಿತ್ತು: ಡಬ್ಬಿಯ ನೆನಪಿನಲ್ಲಿ ಒಂದೇ ಜಾಗಕ್ಕೆ ಹತ್ತು ಲಕ್ಷ ಸಲ ಬರೆಯಬಹುದು, ಅದಕ್ಕೂ ಮೀರಿದರೆ ಹೊಣೆಯಿಲ್ಲ.

ದಿನಕ್ಕೆ ಎಂಬತ್ತಾರು ಸಾವಿರದ ನಾನೂರು ಸೆಕೆಂಡು. ಹನ್ನೊಂದು ದಿನಕ್ಕೆ ಒಂಬತ್ತೂವರೆ ಲಕ್ಷ. ಹನ್ನೆರಡನೆಯ ದಿನ ಹತ್ತು ಲಕ್ಷ ದಾಟುತ್ತದೆ. ಮೊದಲ ಡಬ್ಬಿ ಸತ್ತದ್ದು ಹದಿಮೂರಕ್ಕೆ. ಆ ಡಬ್ಬಿಗಳನ್ನು ಹದಿನೈದು ವರ್ಷ ಅವಳು ಬೆರಳಿನಿಂದ ಒತ್ತಿದ್ದನ್ನೆಲ್ಲ ಕೂಡಿಸಿದರೂ ಒಂದು ಡಬ್ಬಿಗೆ ಅರ್ಧ ಲಕ್ಷವಾಗುತ್ತಿರಲಿಲ್ಲ.

ಮರುದಿನ ಅವಳು ಮ್ಯಾನೇಜರ್ ಕೋಣೆಗೆ ಹೋದಳು. ರಿಯಲ್‌ಟೈಮಪ್ಪನೂ ಅಲ್ಲೇ ಕೂತಿದ್ದ. ಬರೆಯುವುದನ್ನು ಇಂದೇ ನಿಲ್ಲಿಸಿ, ಓದುವುದು ಎಷ್ಟು ಬೇಕಾದರೂ ಓದಲಿ ಎಂದು ಮೊದಲು ಕೇಳಿಕೊಂಡಳು. ಅವನು ಹತ್ತು ಲಕ್ಷವೆಂಬುದು ಹಳೆಯ ಕಾಲದ ಮಾತೆಂದೂ ಈಗಿನ ಮೆಮೊರಿಗೆ ಸವೆತವೇ ಇಲ್ಲವೆಂದೂ ಹೇಳಿದ. ಕೈಪಿಡಿಯ ಪುಟವನ್ನು ಮುಂದೆ ಹಿಡಿದರೆ ಅದರತ್ತ ನೋಡಲೂ ಇಲ್ಲ. ಆ ನಡುವೆ ಐದನೆಯ ಮನೆಯ ಹಳೆಯ ಡಬ್ಬಿಯೂ ಸತ್ತಿತ್ತು. ಬೀಗ ಹಾಕಿದ ಮೇಲೆ ಸತ್ತದ್ದಕ್ಕೆ ಯಾರು ಕಾರಣವೆಂದು ಅವಳು ಕೇಳಿದಳು. ಅದು ನೀನು ಹಿಂದೆ ಒತ್ತಿದ್ದರ ಫಲ, ನಿಧಾನವಾಗಿ ಏರಿದ ವಿಷ ಎಂದರು ಮ್ಯಾನೇಜರ್. ಇಂಥ ತರ್ಕಕ್ಕೆ ತರಗತಿಯಲ್ಲಾದರೆ ಬೆಂಚಿನ ಮೇಲೆ ನಿಲ್ಲಿಸಬಹುದು. ಕಚೇರಿಯಲ್ಲಿ ಕುರ್ಚಿ ಕೊಡುತ್ತಾರೆ.

"ಹಾಗಾದ್ರೆ ಕಾಯೋಣ ಸಾರ್," ಎಂದಳು ಅವಳು. "ಏಳನೇ ಮನೆ ಹೊಸ ಡಬ್ಬೀನ ನಾನು ಕಣ್ಣಲ್ಲೂ ನೋಡಿಲ್ಲ. ಬೀಗದ ಕೈ ನಿಮ್ಮ ಜೇಬಲ್ಲಿದೆ. ಇಪ್ಪತ್ತೆಂಟಕ್ಕೆ ಅದಕ್ಕೆ ಹತ್ತು ಲಕ್ಷ ತುಂಬುತ್ತೆ. ಆಮೇಲೆ ಅದು ಸಾಯದೆ ಇದ್ರೆ ಮೂವತ್ತಕ್ಕೆ ನಾನೇ ಬಂದು ಸೈನ್ ಹಾಕ್ತೀನಿ."

"ಏಳನೇ ಮನೇಲಿ ಶನಿ ಕೂತಿದಾನೆ ಅನ್ನಮ್ಮ, ಇನ್ನೂ ಚೆನ್ನಾಗಿರುತ್ತೆ" ಎಂದು ಮ್ಯಾನೇಜರ್ ನಕ್ಕರು. ರಿಯಲ್‌ಟೈಮಪ್ಪ ಅದಕ್ಕಿಂತ ಜೋರಾಗಿ ನಕ್ಕ. ಸಂಜೆಯೊಳಗೆ ಕಾರ್ಖಾನೆಯಲ್ಲೆಲ್ಲ ಅವಳು ಜ್ಯೋತಿಷಿಯಾದಳು. ಪ್ಯಾಕಿಂಗಿನ ಹೆಂಗಸೊಬ್ಬಳು ತನ್ನ ಮಗಳ ಮದುವೆ ಯಾವಾಗ ಅಕ್ಕ ಎಂದು ಅಂಗೈ ಚಾಚಿದಳು. "ಹುಡುಗ ಹತ್ತು ಲಕ್ಷ ಸಲ ಫೋನ್ ಮಾಡಿದ ಮೇಲೆ" ಎಂದಳು ಭಟ್ಟಿಯಕ್ಕ.

ಹೊರಗೆ ಹೀಗೆ ಹೇಳಿದಳೇ ಹೊರತು ಒಳಗೆ ಅವಳಿಗೆ ದಿಗಿಲಿತ್ತು. ಕೈಪಿಡಿ ಹೇಳುವುದು ಕಡಿಮೆಯೆಂದರೆ ಇಷ್ಟು ಸಲ ಎಂದು. ಗಟ್ಟಿ ಡಬ್ಬಿಯಾದರೆ ಎರಡರಷ್ಟು ತಾಳಬಹುದು. ಹನ್ನೆರಡರಲ್ಲಿ ಎಂಟು ಹಳೆಯ ಡಬ್ಬಿಗಳು ಇನ್ನೂ ಉಸಿರಾಡುತ್ತಿದ್ದವಲ್ಲ. ಇದೂ ಅಂಥದ್ದೇ ಆಗಿ ಇನ್ನೊಂದು ವಾರ ಎಳೆದರೆ ಅವಳ ಮಾತಿನಂತೆಯೇ ಅವಳು ಸಹಿ ಹಾಕಬೇಕು. ಈ ಮಾತನ್ನು ಅವಳು ಹೇಳಿದ್ದು ಅತ್ತೆಯೊಬ್ಬರಿಗೇ. ಅತ್ತೆ ಬೇಳೆಯ ಮೊರದಿಂದ ತಲೆಯೆತ್ತದೆ, "ಸಾಯೋದು ಸತ್ತೇ ಸಾಯುತ್ತೆ, ನೀನು ಊಟ ಬಿಟ್ರೆ ಬೇಗ ಸಾಯಲ್ಲ" ಎಂದರಂತೆ.

ಇಪ್ಪತ್ತೆಂಟು ಕಳೆಯಿತು. ಏಳನೆಯ ಮನೆ ಉರಿಯುತ್ತಲೇ ಇತ್ತು. ಇಪ್ಪತ್ತೊಂಬತ್ತರ ಬೆಳಿಗ್ಗೆ ಮ್ಯಾನೇಜರ್ ತಾವಾಗಿ ಪ್ಯಾಕಿಂಗ್ ಶೆಡ್ಡಿಗೆ ಬಂದು, ಶನಿ ಇನ್ನೂ ಮನೆ ಬದಲಾಯಿಸಿಲ್ಲವಲ್ಲ ಎಂದು ಎಲ್ಲರೆದುರಿಗೆ ವಿಚಾರಿಸಿದರು. ಇಷ್ಟು ವರ್ಷದಲ್ಲಿ ಅವರು ಆ ಶೆಡ್ಡಿಗೆ ಬಂದದ್ದು ಅದೇ ಮೊದಲು, ಒಬ್ಬಳನ್ನು ಹಂಗಿಸಲು. ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಅವಳು ಬುತ್ತಿಯ ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚಿದಳು.

ಮೂರೂ ಇಪ್ಪತ್ತಕ್ಕೆ ಗಾಡಿ ತಳ್ಳುವ ಮುದುಕ ಅಂಗಳ ದಾಟಿ ಬಂದ. ಓಡಲಿಲ್ಲ, ಮದುವೆಗೆ ಹೊರಟವನಂತೆ ನಿಧಾನವಾಗಿ ಬಂದು ಬಾಗಿಲಲ್ಲಿ ನಿಂತ.

"ಅಕ್ಕ, ಏಳನೇ ಮನೆ ನಾಲ್ಕು ಗೀಟು ಎಳ್ಕೊಂಡು ಕೂತ್ಬಿಡ್ತು."

ಶೆಡ್ಡಿನ ಹೆಂಗಸರೆಲ್ಲ ಕೈಬಿಟ್ಟು ಎದ್ದರು. ಅವಳು ಮಾತ್ರ, ಆ ಮನೆಯಲ್ಲಿ ಎಷ್ಟು ಗಾಡಿಗಳಿದ್ದವೆಂದು ಕೇಳಿದಳು. ಎರಡು ಎಂದ. ಇಬ್ಬರಿಗೆ ಪಾಠ ಕಲಿಸಲು ಎರಡು ಗಾಡಿ ಬಟ್ಟಲು ದಂಡ ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಕೈಪಿಡಿಯನ್ನು ತೆಗೆದುಕೊಂಡು ಹೊರಟಳು.

ಪ್ಯಾನೆಲ್ಲಿನ ಮುಂದೆ ಮ್ಯಾನೇಜರ್ ಬೀಗ ತೆರೆದು ನಿಂತಿದ್ದರು. ಅವರ ಮುಖದ ಮೇಲೂ ನಾಲ್ಕು ಅಡ್ಡಗೆರೆಯಿದ್ದವಂತೆ. ಇದು ಗಾಡಿಯ ಮುದುಕ ಹೇಳಿದ್ದು. ರಿಯಲ್‌ಟೈಮಪ್ಪ, ಇದು ಡಬ್ಬಿ ಮಾಡಿದವರ ದೋಷ, ಮಾಲೇ ಕಳಪೆ ಎಂದು ಶುರುಮಾಡಿದ. ಅವಳು ಕೊನೆಯ ಪುಟ ತೆರೆದು ಆ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿದಳು. ಅವನು ಹೆಗಲು ಕುಣಿಸಿದ.

"ಅದನ್ನೆಲ್ಲ ಯಾರು ಓದ್ತಾರೆ ಮೇಡಂ? ನಾವು ಎಲ್ಲಾ ಕಡೆ ಹೀಗೇ ಹಾಕೋದು."

"ಓದೋಕೆ ಪುರುಸೊತ್ತಿಲ್ಲದೋರು ಬರೆಯೋಕೆ ಹೋಗಬಾರದು ಸಾರ್" ಎಂದಳು ಭಟ್ಟಿಯಕ್ಕ.

ಯಾರೂ ನಗಲಿಲ್ಲ. ಅವಳ ಮಾತಿನಲ್ಲಿ ತಮಾಷೆಯಿರಲಿಲ್ಲ. ಮೂವತ್ತೆರಡು ಮೆಟ್ಟಿಲು ಹತ್ತಿ ಎಲ್ಲರೂ ಮೇಲೆ ಹೋದರು. ರಿಯಲ್‌ಟೈಮಪ್ಪ ಕಂಪ್ಯೂಟರಿನ ಮುಂದೆ ಕೂತ, ಅವಳು ಹಿಂದೆ ನಿಂತು ಹೇಳುತ್ತಾ ಹೋದಳು. ಓದುವುದು ಹತ್ತು ಸೆಕೆಂಡಿಗೊಮ್ಮೆ ಸಾಕು, ಭಟ್ಟಿ ಅಷ್ಟು ಬೇಗ ಮನಸ್ಸು ಬದಲಾಯಿಸುವುದಿಲ್ಲ. ಬರೆಯುವುದು ಮನುಷ್ಯರು ಅಂಕಿ ಬದಲಾಯಿಸಿ ಸರಿ ಎಂದು ಒತ್ತಿದಾಗ ಮಾತ್ರ, ಒಂದೇ ಸಲ. ಅದಕ್ಕೂ ಮೊದಲು ಡಬ್ಬಿಯಲ್ಲಿ ಏನಿದೆಯೆಂದು ಓದಬೇಕು. ಅದೇ ಅಂಕಿಯಿದ್ದರೆ ಬರೆಯುವ ಗೋಜಿಗೇ ಹೋಗಬಾರದು. ಕೆಳಗೆ ಡಬ್ಬಿಯಲ್ಲೇ ಯಾರಾದರೂ ಬದಲಾಯಿಸಿದರೆ ಮೇಲಿನದು ಅದನ್ನು ಓದಿಕೊಂಡು ಸುಮ್ಮನಿರಬೇಕು. ಎಲ್ಲಕ್ಕೂ ಆ ಸಾಫ್ಟ್‌ವೇರಿನಲ್ಲಿ ಮೊದಲಿನಿಂದಲೂ ಜಾಗವಿತ್ತು. ಗುರುತು ಹಾಕಬೇಕಾಗಿದ್ದ ಚೌಕಗಳಲ್ಲಿ ಗುರುತು ಹಾಕಿರಲಿಲ್ಲ, ಅಷ್ಟೆ. ಹಿಡಿದದ್ದು ಹನ್ನೊಂದು ನಿಮಿಷ.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು, ಸರಿ, ನೋಡೋಣ ಎಂದು ಇಳಿದುಹೋದರು. ಸಂಧಿ ಬಿಡಿಸಿದರೆ ಎರಡೇ ಪದವಾಗುವ 'ತಪ್ಪಾಯಿತು' ಎಂಬ ವಾಕ್ಯ ಅವರ ಬಾಯಲ್ಲಿ ರೂಪುಗೊಳ್ಳಲಿಲ್ಲ. ಅವಳು ಪ್ಯಾಕಿಂಗಿಗೆ ಹಿಂದಿರುಗಿದಳು. ವರ್ಗಾಯಿಸಿದ ಆದೇಶವನ್ನು ಯಾರೂ ಹಿಂತೆಗೆದುಕೊಂಡಿರಲಿಲ್ಲ.

ಮೂವತ್ತರ ಬೆಳಿಗ್ಗೆ ಗಾಡಿಯ ಮುದುಕ ಮತ್ತೆ ಬಂದ. ಏಳನೆಯ ಮನೆಗೆ ಇನ್ನೊಂದು ಡಬ್ಬಿ ಕೂರಿಸಬೇಕಂತೆ, ಅದೂ ಸತ್ತರೆ ತನ್ನ ತಲೆಗೆ ಬಂದೀತೆಂದು ಕೂರಿಸಲು ಎಲೆಕ್ಟ್ರಿಷಿಯನ್ ಒಪ್ಪುತ್ತಿಲ್ಲವಂತೆ. ಅವಳು ಆ ವರ್ಗಾವಣೆಯ ಕಾಗದವನ್ನು ಮರೆತು ಭಟ್ಟಿಗೆ ಬರಬೇಕಂತೆ. ಮ್ಯಾನೇಜರ್ ಅಲ್ಲೇ ಕಾಯುತ್ತಿದ್ದಾರಂತೆ.

"ಇಲ್ಲಿಗೆ ಕಳಿಸಿದ್ದು ಕಾಗದದಲ್ಲಿ, ಅಲ್ಲಿಗೆ ಕರೆಯೋದು ಬಾಯಲ್ಲಾ?" ಎಂದಳು ಅವಳು, ಕೈಯಲ್ಲಿದ್ದ ಬಟ್ಟಲಿಗೆ ಕಾಗದ ಸುತ್ತುತ್ತಾ. "ನನ್ನಿಂದ ಏನೂ ಕೆಟ್ಟಿಲ್ಲ ಅಂತ ಬರೆದುಕೊಡೋಕೆ ಹೇಳಿ ಅಣ್ಣ. ಒಂದೇ ಸಲ ಬರೆದ್ರೆ ಸಾಕು."

ಟೈಪು ಮಾಡುವವನು ಅಂದು ರಜೆಯಲ್ಲಿದ್ದ. ಮ್ಯಾನೇಜರ್ ತಾವೇ, ಭಟ್ಟಿಯ ಪಕ್ಕದಲ್ಲಿ, ಗಾಡಿಯ ಹಲಗೆಯ ಮೇಲೆ ಕಾಗದವಿಟ್ಟುಕೊಂಡು ಬರೆಯಬೇಕಾಯಿತು. ಒಂದು ಸಲ ಹೊಡೆದುಹಾಕಿ ಮತ್ತೆ ಬರೆದರಂತೆ. ಅಷ್ಟು ಹೊತ್ತಿಗೆ ಅವರ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅವಳು ತೆರೆದಿದ್ದ ಪೆಟ್ಟಿಗೆಯನ್ನು ತುಂಬಿ, ಮುಚ್ಚಿ, ಹುರಿಯಿಂದ ಬಿಗಿದು, ಕೈತೊಳೆದುಕೊಂಡು ನಲವತ್ತು ನಿಮಿಷದ ಮೇಲೆ ಬಂದಳು. ಕಾಗದವನ್ನು ತೆಗೆದುಕೊಂಡು ನಿಂತಲ್ಲೇ ಎರಡು ಸಲ ಓದಿದಳು. ಆಮೇಲೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀಗದ ಕೈಗಾಗಿ ಅಂಗೈ ಚಾಚಿದಳು.